ಬಲೂನಿನೊಳಗಿನ ಚುಕ್ಕೆ, ಗೆರೆ: ಕನ್ನಡ ಕಾಮಿಕ್ಸ್ ಸಂಭಾಷಣೆಗೆ ಲೇಖನ ಚಿಹ್ನೆ ಹಾಕುವ ಕ್ರಮ

ಕಥೆ, ಕಾದಂಬರಿಯ ಸಂಭಾಷಣೆಗೆ ‘ಎಂದು ಗದರಿದ’, ‘ಎಂದು ಪಿಸುಗುಟ್ಟಿದಳು’ ಎಂಬ ಊರುಗೋಲು ಇರುತ್ತದೆ. ಕಾಮಿಕ್ಸ್‌ಗೆ ಅದಿಲ್ಲ. ಬಲೂನಿನೊಳಗಿನ ಮಾತು, ಬಲೂನಿನ ಬಾಲ ತೋರಿಸುವ ಮುಖ, ಮಾತಿನ ಕೊನೆಗೆ ಬಿದ್ದ ಚಿಹ್ನೆ, ಇಷ್ಟರಲ್ಲೇ ದನಿ ಕೇಳಿಸಬೇಕು.

ಈ ವಿಷಯದಲ್ಲಿ ಹೆಚ್ಚಿನವರು ನೋಡಿ ಕಲಿಯುವುದು ಅಮೆರಿಕದ ಕಾಮಿಕ್ಸ್ ಪದ್ಧತಿಯನ್ನು. ಅಲ್ಲಿ ಮಾತೆಲ್ಲ ದೊಡ್ಡಕ್ಷರದಲ್ಲಿ ಇರುತ್ತದೆ, ಒತ್ತಿ ಹೇಳುವ ಪದ ದಪ್ಪವಾಗಿ ಓರೆಯಾಗುತ್ತದೆ. ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವೇ ಇಲ್ಲ, ಓರೆ ಅಕ್ಷರದ ಸಂಪ್ರದಾಯವೂ ಇಲ್ಲ. ಆದರೆ ಇಂಗ್ಲಿಷಿಗೆ ಇಲ್ಲದ ಏ, ಓ, ಆ ಪ್ರತ್ಯಯಗಳು ನಮಗಿವೆ. ಕಣೋ, ಕಣೇ, ತಾನೇ, ಅಲ್ವಾ, ಮಾರಾಯ ಇವೆ. ಅಲ್ಲಿ ಚಿಹ್ನೆ ಮಾಡುವ ಅರ್ಧ ಕೆಲಸವನ್ನು ಇಲ್ಲಿ ಪದದ ಬಾಲವೇ ಮಾಡಿ ಮುಗಿಸಿರುತ್ತದೆ. ಹಾಗಾಗಿ ಕೆಳಗಿನ ಎಲ್ಲ ಹಂತಗಳ ಹಿಂದೆ ಒಂದೇ ಲೆಕ್ಕಾಚಾರವಿದೆ: ಪದಕ್ಕೆ ಆಗದ ಕೆಲಸಕ್ಕೆ ಮಾತ್ರ ಚಿಹ್ನೆಯನ್ನು ಕರೆಯಿರಿ.

ಹಂತ 1: ಚಿಹ್ನೆಗೆ ಮೊದಲು ಮಾತನ್ನು ಇಳಿಸಿ

ಬರವಣಿಗೆಯ ಕನ್ನಡದಲ್ಲಿರುವ ಸಂಭಾಷಣೆಗೆ ಎಷ್ಟು ಚಿಹ್ನೆ ಸುರಿದರೂ ಅದು ಬಾಯಿಂದ ಬಂದಂತೆ ಕೇಳುವುದಿಲ್ಲ. ‘ನಾನು ಹೋಗುತ್ತಿದ್ದೇನೆ’ ಎಂಬುದಕ್ಕೆ ಮೂರು ಆಶ್ಚರ್ಯಸೂಚಕ ಹಾಕುವ ಬದಲು ‘ನಾ ಹೊರಟೆ’ ಎಂದು ಬರೆದರೆ ಒಂದೂ ಬೇಕಾಗುವುದಿಲ್ಲ. ಸ್ಕ್ರಿಪ್ಟನ್ನು ಗಟ್ಟಿಯಾಗಿ ಓದಿ. ನಾಲಿಗೆ ಎಡವಿದಲ್ಲಿ ಪದ ಬದಲಿಸಿ, ಉಸಿರು ನಿಂತಲ್ಲಿ ಒಂದು ಓರೆಗೆರೆ ಎಳೆದುಕೊಳ್ಳಿ. ಆ ಓರೆಗೆರೆಗಳೇ ಮುಂದೆ ಅಲ್ಪವಿರಾಮವೋ ಹೊಸ ಬಲೂನೋ ಆಗುತ್ತವೆ.

ಉದ್ದವನ್ನು ಪದದ ಲೆಕ್ಕದಲ್ಲಿ ಅಳೆಯಬೇಡಿ. ಇಂಗ್ಲಿಷಿನಲ್ಲಿ ಬಲೂನಿಗೆ 25 ಪದ ಎಂಬ ಮಿತಿ ಹೇಳುತ್ತಾರೆ. ಕನ್ನಡದ ಒಂದೇ ಪದ ‘ಬರಬೇಕಾಗಿತ್ತಲ್ಲವೇ’ ಒಂದು ಇಡೀ ಸಾಲನ್ನು ತಿನ್ನುತ್ತದೆ. ಅಕ್ಷರ ಎಣಿಸಿ: ಸಾಲಿಗೆ 8ರಿಂದ 12 ಅಕ್ಷರ, ಬಲೂನಿಗೆ ನಾಲ್ಕು ಸಾಲು. 45 ಅಕ್ಷರ ದಾಟಿದರೆ ಒಡೆಯುವ ಜಾಗ ಹುಡುಕಿ.

ಹಂತ 2: ಕೊನೆಯ ಚಿಹ್ನೆ

ಇದೇ ದನಿಯ ಬೀಗದ ಕೈ. ‘ನೀನೇ’ ಎಂಬ ಒಂದು ಪದವನ್ನೇ ನೋಡಿ.

ನೀನೇ. (ಬೇರೆ ಯಾರೂ ಅಲ್ಲ, ತೀರ್ಮಾನ)
ನೀನೇ? (ನಂಬಲಾಗದ ಪ್ರಶ್ನೆ)
ನೀನೇ! (ಸಿಕ್ಕಿಬಿದ್ದ ಕಳ್ಳನಿಗೆ)
ನೀನೇ... (ಗುರುತು ಹಿಡಿದು ಮಾತು ಸೋತದ್ದು)
ನೀನೇ-- (ಹೇಳಹೊರಟದ್ದನ್ನು ಯಾರೋ ತಡೆದದ್ದು)

ಏ ಪ್ರತ್ಯಯ ಒತ್ತನ್ನೂ ಸೂಚಿಸುತ್ತದೆ, ಪ್ರಶ್ನೆಯನ್ನೂ ಸೂಚಿಸುತ್ತದೆ. ಇಂಥ ಕಡೆ ಪ್ರಶ್ನಾರ್ಥಕ ಚಿಹ್ನೆ ಬಿಟ್ಟುಹೋದರೆ ಅರ್ಥವೇ ತಲೆಕೆಳಗು. ‘ಬಂದನಾ?’ ಎಂಬಲ್ಲಿ ‘ಆ’ ಪ್ರತ್ಯಯವೇ ಪ್ರಶ್ನೆ ಕೇಳಿಬಿಟ್ಟಿದೆ, ಆದರೂ ಚಿಹ್ನೆ ಹಾಕಿ; ಓದುಗ ಚಿತ್ರದಿಂದ ಚಿತ್ರಕ್ಕೆ ಜಿಗಿಯುತ್ತಿರುತ್ತಾನೆ, ಪ್ರತ್ಯಯ ಕಣ್ಣಿಗೆ ಬೀಳುವ ಮೊದಲು ಚಿಹ್ನೆ ಬೀಳುತ್ತದೆ. ಇನ್ನೊಂದು ಕಡೆ, ಪ್ರಶ್ನೆಯ ಪದವಿದ್ದೂ ಪ್ರಶ್ನೆಯಲ್ಲದ ಮಾತುಗಳಿವೆ. ‘ಯಾರಿಗೆ ಗೊತ್ತು.’ ಎಂದು ಪೂರ್ಣವಿರಾಮ ಕೊಟ್ಟರೆ ಅದು ಭುಜ ಕುಣಿಸಿದ ಹಾಗೆ. ‘ಯಾರಿಗೆ ಗೊತ್ತು?’ ಎಂದರೆ ಗೊತ್ತಿರುವವರನ್ನು ಹುಡುಕಿದ ಹಾಗೆ.

ಆಶ್ಚರ್ಯಸೂಚಕದ ದುಂದುಗಾರಿಕೆ ಹಳೆಯ ರೋಗ. ಅಗ್ಗದ ಕಾಗದದ ಮೇಲೆ ಸಣ್ಣ ಚುಕ್ಕೆ ಅಚ್ಚಾಗದೆ ಅಳಿಸಿಹೋಗುತ್ತಿತ್ತು, ಅದಕ್ಕೇ ಹಿಂದಿನವರು ಪೂರ್ಣವಿರಾಮದ ಜಾಗದಲ್ಲೂ ‘!’ ಹಾಕುತ್ತಿದ್ದರು ಎಂದು ಲೆಟರಿಂಗ್ (ಬಲೂನಿನಲ್ಲಿ ಅಕ್ಷರ ಬರೆಯುವ ಕೆಲಸ) ಮಾಡುವವರು ಹೇಳುವುದುಂಟು. ಈಗ ಆ ನೆಪವಿಲ್ಲ. ‘ಸರಿ!’, ‘ಬಾ!’, ‘ಊಟ ಆಯ್ತು!’ ಎಂದು ಪುಟವಿಡೀ ಕೂಗಿದರೆ ನಿಜವಾಗಿ ಕೂಗಬೇಕಾದ ಚೌಕಟ್ಟಿನಲ್ಲಿ ಕೈ ಖಾಲಿ. ಒಂದು ಮಾತಿಗೆ ಒಂದೇ ‘!’ ಸಾಕು. ಗಾಬರಿಯ ಪ್ರಶ್ನೆಗೆ ‘?!’ ಹಾಕಬಹುದು. ಪ್ರಶ್ನೆ ಮೊದಲು, ಭಾವ ಆಮೇಲೆ, ಎರಡಕ್ಕಿಂತ ಹೆಚ್ಚು ಬೇಡ.

ಬಲೂನಿನ ಕೊನೆಯ ಪೂರ್ಣವಿರಾಮವನ್ನು ಬಿಡುವ ಪದ್ಧತಿಯೂ ಇದೆ. ತಪ್ಪಲ್ಲ, ಆದರೆ ಬಿಟ್ಟರೆ ಇಡೀ ಪುಸ್ತಕದಲ್ಲಿ ಬಿಡಿ. ನಮ್ಮ ಮತ ಇಟ್ಟುಕೊಳ್ಳುವ ಕಡೆಗೆ: ಚುಕ್ಕೆ ಇದ್ದರೆ ತಾನೇ ಚುಕ್ಕೆ ಇಲ್ಲದೆ ತುಂಡಾದ ಮಾತು ತುಂಡಾದಂತೆ ಕಾಣುವುದು.

ಹಂತ 3: ಅಲ್ಪವಿರಾಮ, ಮುಖ್ಯವಾಗಿ ಕರೆಯುವಾಗ

‘ಅಮ್ಮ ಬಂದಳು.’ ಬಂದವಳು ಅಮ್ಮ. ‘ಅಮ್ಮ, ಬಂದಳು!’ ಬಂದವಳು ಬೇರೆ ಯಾರೋ, ಅಮ್ಮನಿಗೆ ಸುದ್ದಿ ಮುಟ್ಟಿಸುತ್ತಿದ್ದಾರೆ. ಬರವಣಿಗೆಯಲ್ಲಿ ಸಂದರ್ಭ ಕೈಹಿಡಿಯುತ್ತದೆ, ಐದು ಅಕ್ಷರದ ಬಲೂನಿನಲ್ಲಿ ಕೈಹಿಡಿಯುವುದು ಆ ಒಂದು ಅಲ್ಪವಿರಾಮ. ಕರೆಯುವ ಪದ ವಾಕ್ಯದ ಮೊದಲಿಗೆ ಬಂದರೆ ಅಲ್ಪವಿರಾಮ ಕಡ್ಡಾಯ ಎಂದಿಟ್ಟುಕೊಳ್ಳಿ. ಕೊನೆಗೆ ಬಂದಾಗ ಕ್ರಿಯಾಪದದಲ್ಲೇ ಕರೆ ಕೂತಿದ್ದರೆ ಬೇಡ: ‘ಬಾರೋ ಪುಟ್ಟ’, ‘ಕೂತ್ಕೊಳ್ಳೇ ಪುಟ್ಟಿ’.

ಬಾಲಂಗೋಚಿ ಮಾತುಗಳಲ್ಲಿ ಕಿವಿಯನ್ನು ನಂಬಿ. ‘ಬರ್ತೀಯ, ಅಲ್ವಾ?’ ಎಂಬಲ್ಲಿ ಒಂದು ಕ್ಷಣ ನಿಲ್ಲುತ್ತೇವೆ. ‘ಬರ್ತೀಯ ತಾನೇ?’ ಎಂಬಲ್ಲಿ ನಿಲ್ಲುವುದಿಲ್ಲ. ‘ಛೇ, ಹಾಗಾಗ್ಬಾರ್ದಿತ್ತು’ ಮೆಲುದನಿ, ‘ಛೇ! ಹಾಗಾಗ್ಬಾರ್ದಿತ್ತು’ ಕೈ ಹಿಸುಕಿಕೊಂಡದ್ದು.

ಅರ್ಧವಿರಾಮವನ್ನು (;) ಮರೆತುಬಿಡಿ. ಮಾತನಾಡುವಾಗ ಯಾರೂ ಅರ್ಧವಿರಾಮ ಹಾಕುವುದಿಲ್ಲ.

ಹಂತ 4: ಮೂರು ಚುಕ್ಕೆಯೋ ಗೆರೆಯೋ

ಇವೆರಡನ್ನು ಬೆರೆಸಿಬಿಡುವುದೇ ಹೆಚ್ಚು. ಮಾತು ತಾನಾಗಿ ಸೋತು ನಿಂತರೆ ಮೂರು ಚುಕ್ಕೆ. ಮಾತನ್ನು ಯಾರೋ, ಏನೋ ಕತ್ತರಿಸಿದರೆ ಗೆರೆ. ‘ನಾನು ಹೇಳ್ಬೇಕು ಅಂತಿದ್ದೆ...’ ಎಂಬವನು ಮುಜುಗರದಲ್ಲಿದ್ದಾನೆ. ‘ನಾನು ಹೇಳ್ಬೇಕು ಅಂತಿ--’ ಎಂಬವನ ಕೆನ್ನೆಗೆ ಏಟು ಬಿದ್ದಿದೆ.

ಅಮೆರಿಕದ ಕಾಮಿಕ್ಸ್‌ನಲ್ಲಿ ಉದ್ದ ಗೆರೆಯ ಬದಲು ಎರಡು ಅಡ್ಡಗೆರೆ (--) ಹಾಕುವುದು ವಾಡಿಕೆ. ಕನ್ನಡ ಓದುಗರಿಗೆ ಉದ್ದ ಗೆರೆ ಹೆಚ್ಚು ಪರಿಚಿತ. ಯಾವುದಾದರೂ ಆಗಬಹುದು, ಎರಡೂ ಒಂದೇ ಪುಸ್ತಕದಲ್ಲಿ ಬೇಡ. ಯಾವುದನ್ನು ಹಾಕಿದರೂ ಎತ್ತರ ನೋಡಿ: ಅಕ್ಷರಶೈಲಿಯಲ್ಲಿನ (ಫಾಂಟ್‌ನಲ್ಲಿನ) ಗೆರೆ ಇಂಗ್ಲಿಷ್ ಸಣ್ಣಕ್ಷರದ ನಡುವಿಗೆ ಹೊಂದಿಸಿದ್ದಿದ್ದರೆ ಕನ್ನಡದ ಪಕ್ಕದಲ್ಲಿ ಜಾರಿದಂತೆ ಕಾಣುತ್ತದೆ. ಅದನ್ನು ಅಕ್ಷರದ ನಡುಮಟ್ಟಕ್ಕೆ ಏರಿಸಬೇಕು.

ಪದವನ್ನು ಕತ್ತರಿಸುವುದು ಪೂರ್ತಿ ಅಕ್ಷರದ ಗಡಿಯಲ್ಲಿ. ‘ಕಾಪಾಡಿ’ ತುಂಡಾದರೆ ‘ಕಾಪಾ--’. ಒತ್ತಕ್ಷರವನ್ನು ಸೀಳಿ ‘ನಿಲ್--’ ಎಂದು ಬರೆಯಬಹುದು, ‘ನಿಲ್’ ಎಂಬುದು ಬಾಯಿಗೆ ನಿಲುಕುತ್ತದೆ. ಆದರೆ ‘ರಾಷ್ಟ್ರ’ವನ್ನು ‘ರಾಷ್ಟ್--’ ಎಂದು ತುಂಡರಿಸಿದರೆ ಯಾರಿಗೂ ಓದಲಾಗದು, ‘ರಾ--’ ಸಾಕು. ತೊದಲಿಗೆ ಒಂಟಿ ಅಡ್ಡಗೆರೆ: ‘ನ-ನ-ನಾನಲ್ಲ’, ‘ಅ-ಅವನು’. ಒತ್ತಕ್ಷರದಿಂದ ಶುರುವಾದ ಪದವಾದರೆ ಮೊದಲ ವ್ಯಂಜನ ಮಾತ್ರ ತೊದಲಲಿ: ‘ಪ-ಪ್ರಭು’.

ಚುಕ್ಕೆ ಮೂರೇ. ಏಳೆಂಟು ಚುಕ್ಕೆಯ ಸಾಲು ಹಾಕಿದರೆ ಮೌನ ಹೆಚ್ಚಾಗುವುದಿಲ್ಲ. ದೀರ್ಘ ಮೌನ ಬೇಕಿದ್ದರೆ ‘...’ ಮಾತ್ರ ಇರುವ ಖಾಲಿ ಬಲೂನು ಕೊಡಿ, ಇಲ್ಲವೇ ಮಾತೇ ಇಲ್ಲದ ಒಂದು ಚೌಕಟ್ಟು.

ಹಂತ 5: ಉದ್ಧರಣ ಚಿಹ್ನೆ ಎಲ್ಲಿ ಬೇಕು

ಬಲೂನಿನ ಗೆರೆಯೇ ಉದ್ಧರಣ ಚಿಹ್ನೆ. ಒಳಗೆ ಮತ್ತೆ ಹಾಕಿದರೆ ಕೊಡೆಯ ಕೆಳಗೆ ಕೊಡೆ ಹಿಡಿದ ಹಾಗೆ. ಆಲೋಚನೆಯ ಮೋಡಕ್ಕೂ ಇದೇ ಮಾತು.

ಪಾತ್ರ ಇನ್ನೊಬ್ಬರ ಮಾತನ್ನು ಹೇಳುವಾಗ ಮಾತ್ರ ಜಾಗ್ರತೆ. ಕನ್ನಡದಲ್ಲಿ ಅಂತ, ಅಂದ ಇರುವುದರಿಂದ ಎಷ್ಟೋ ಸಲ ಚಿಹ್ನೆ ಬೇಕಾಗದು. ‘ಅಜ್ಜಿ ಬಾಗಿಲು ಹಾಕು ಅಂದ್ಲು’ ಸ್ಪಷ್ಟವಾಗಿದೆ. ಆದರೆ ‘ರಾಜ ನಾನು ಕಳ್ಳ ಅಂದ’ ಎಂಬಲ್ಲಿ ಕಳ್ಳ ಯಾರು? ರಾಜ ‘ನಾನು ಕಳ್ಳ’ ಅಂದ ಎಂದು ಒಂಟಿ ಉದ್ಧರಣ ಕೊಟ್ಟರೆ ತಪ್ಪೊಪ್ಪಿಗೆ. ಕೊಡದಿದ್ದರೆ ಆರೋಪವೂ ಆಗಬಹುದು. ನಾನು, ನೀನು ಬಂದ ಕಡೆಯೆಲ್ಲ ಈ ಪರೀಕ್ಷೆ ಮಾಡಿ. ‘ಅಂದ’ ಎಂಬುದಕ್ಕೆ ಮೊದಲು ಅಲ್ಪವಿರಾಮ ಹಾಕುವುದು ಇಂಗ್ಲಿಷಿನ ಅಭ್ಯಾಸ, ಕನ್ನಡಕ್ಕೆ ಬೇಡ.

ಕ್ಯಾಪ್ಷನ್ ಪೆಟ್ಟಿಗೆಯಲ್ಲಿ ನಿರೂಪಕನ ಮಾತಿಗೆ ಚಿಹ್ನೆ ಇಲ್ಲ. ಚೌಕಟ್ಟಿನಲ್ಲಿ ಕಾಣದ ಪಾತ್ರದ ದನಿ ಪೆಟ್ಟಿಗೆಯಲ್ಲಿ ಹರಿದು ಬರುತ್ತಿದ್ದರೆ ಜೋಡಿ ಉದ್ಧರಣ ಬೇಕು. ಮಾತು ಮೂರು ಪೆಟ್ಟಿಗೆಗೆ ಹರಡಿದರೆ ಪ್ರತಿ ಪೆಟ್ಟಿಗೆಯ ಆರಂಭದಲ್ಲೂ ತೆರೆಯುವ ಚಿಹ್ನೆ, ಮುಚ್ಚುವುದು ಕೊನೆಯದರಲ್ಲಿ ಮಾತ್ರ.

ಪಾತ್ರ ಬೇರೆ ಭಾಷೆಯಲ್ಲಿ ಮಾತನಾಡುತ್ತಿದೆ, ನೀವು ಕನ್ನಡದಲ್ಲಿ ಬರೆಯುತ್ತಿದ್ದೀರಿ ಎಂದಾದರೆ ಮಾತನ್ನು ಕೋನಾವರಣದಲ್ಲಿ ಇಡಿ: <ದೋಣಿ ಯಾವಾಗ ಬಿಡುತ್ತೆ?>* ಚೌಕಟ್ಟಿನ ಮೂಲೆಯ ಸಣ್ಣ ಪೆಟ್ಟಿಗೆಯಲ್ಲಿ ‘*ತುಳುವಿನಲ್ಲಿ’ ಎಂದು ಒಮ್ಮೆ ಹೇಳಿದರೆ ಆಯಿತು, ಆಮೇಲೆ ಕೋನಾವರಣವೇ ಸಾಕು. ಪೌರಾಣಿಕ ಕಥೆಯಲ್ಲಿ ಶ್ಲೋಕ ಬಂದರೆ ಸಾಲಿಗೆ । ಮತ್ತು ಕೊನೆಗೆ ॥ ಹಾಕಿ. ಈ ದಂಡಗಳು ಕೆಲವು ಕನ್ನಡ ಅಕ್ಷರಶೈಲಿಗಳಲ್ಲಿ ಇರುವುದೇ ಇಲ್ಲ, ಮೊದಲೇ ಪರೀಕ್ಷಿಸಿ.

ಹಂತ 6: ಕೂಗು, ಪಿಸುಮಾತು, ಉಸಿರು

ಕೂಗಿಗೆ ಇಂಗ್ಲಿಷಿನವರು ಅಕ್ಷರ ದಪ್ಪ ಮಾಡುತ್ತಾರೆ. ನಾವು ಮೊದಲು ಸ್ವರ ಎಳೆಯುತ್ತೇವೆ. ನಮ್ಮ ವ್ಯಾಕರಣದಲ್ಲಿ ಅದಕ್ಕೆ ಹೆಸರೂ ಇದೆ: ಪ್ಲುತ, ದೀರ್ಘಕ್ಕಿಂತ ಒಂದು ಮಾತ್ರೆ ಹೆಚ್ಚು. ಬರೆಯುವ ದಾರಿ ಎರಡು: ಸ್ವರಾಕ್ಷರ ಸೇರಿಸಿ ‘ಅಯ್ಯೋಓಓ!’, ಇಲ್ಲವೇ ಅವಗ್ರಹ ಹಾಕಿ ‘ಅಯ್ಯೋಽಽ!’. ಮಾಡಬಾರದ್ದು, ಸ್ವರಚಿಹ್ನೆಯನ್ನೇ ಎರಡು ಮೂರು ಸಲ ಒತ್ತುವುದು. ಗಣಕದ ಅಕ್ಷರಸಂಕೇತ ಪದ್ಧತಿಯಾದ ಯುನಿಕೋಡ್‌ನಲ್ಲಿ ಒಂದು ವ್ಯಂಜನಕ್ಕೆ ಒಂದೇ ಸ್ವರಚಿಹ್ನೆ. ಎರಡನೆಯದು ತಂತ್ರಾಂಶಕ್ಕೆ ತಕ್ಕಂತೆ ಚುಕ್ಕೆಗಳ ವೃತ್ತವಾಗಿಯೋ ಮೊದಲನೆಯದರ ಮೇಲೆ ಹತ್ತಿ ಕೂತೋ ಬರುತ್ತದೆ. ನಿಮ್ಮ ಗಣಕದಲ್ಲಿ ಸರಿ ಕಂಡದ್ದು ಓದುಗನ ಮೊಬೈಲಿನಲ್ಲಿ ಒಡೆದಿರಬಹುದು. ಅವಗ್ರಹ ಎಳೆದ ಹಾಡು, ದೂರದ ಕರೆಗೆ ಚೆನ್ನ. ಕಿರುಚಾಟಕ್ಕೆ ಸ್ವರಾಕ್ಷರವೇ ಸರಿ.

ಒತ್ತಿ ಹೇಳುವ ಪದಕ್ಕೆ ದಪ್ಪ ಅಕ್ಷರ ಬಳಸಿ, ಬಲೂನಿಗೆ ಒಂದೇ ಪದ. ಅದೂ ಏ ಪ್ರತ್ಯಯ ಈಗಾಗಲೇ ಒತ್ತಿದ್ದರೆ ಬೇಡ. ತಂತ್ರಾಂಶ ಕೃತಕವಾಗಿ ಓರೆ ಮಾಡಿದ ಕನ್ನಡ ಅಕ್ಷರದಲ್ಲಿ ಒತ್ತುಗಳು ಪಕ್ಕದ ಅಕ್ಷರದ ಕೆಳಗೆ ಜಾರುತ್ತವೆ. ಫೋನಿನ ದನಿ, ರೇಡಿಯೋ ದನಿಗೆ ಓರೆಯ ಬದಲು ಬೇರೆ ಅಕ್ಷರಶೈಲಿ ಹಾಗೂ ಮಿಂಚಿನಂತೆ ಅಂಕುಡೊಂಕಾದ ಬಾಲ ಕೊಡಿ. ಪಿಸುಮಾತಿಗೆ ತುಂಡುಗೆರೆಯ ಬಲೂನು, ಸಣ್ಣ ಅಕ್ಷರ, ಸುತ್ತ ಹೆಚ್ಚು ಖಾಲಿ ಜಾಗ. ಅದರೊಳಗೆ ‘!’ ಬಂದರೆ ಪಿಸುಮಾತು ಸತ್ತಂತೆ, ‘ಶ್!’ ಒಂದನ್ನು ಬಿಟ್ಟು.

ಕೆಮ್ಮು, ನಿಟ್ಟುಸಿರು, ಬಿಕ್ಕಳಿಕೆಗೆ ಪದದ ಎರಡೂ ಬದಿ ಸಣ್ಣ ಗೆರೆಗಳನ್ನು ಇಡುವ ಪದ್ಧತಿ ಇದೆ, ಪದದಿಂದ ಉಸಿರು ಹಾರಿದ ಹಾಗೆ. ಇಂಗ್ಲಿಷಿನಲ್ಲಿ ಒಳಗೆ ‘ಕೆಮ್ಮು’ ಎಂಬ ಅರ್ಥದ ಪದವನ್ನೇ ಬರೆಯುತ್ತಾರೆ. ಕನ್ನಡದಲ್ಲಿ ‘ನಿಟ್ಟುಸಿರು’ ಎಂದು ಬರೆದರೆ ಅನುವಾದದ ವಾಸನೆ. ಸದ್ದನ್ನೇ ಬರೆಯಿರಿ: ‘ಉಸ್ಸಪ್ಪಾ’, ‘ಖೊಕ್ ಖೊಕ್’, ‘ಹೂಂ’. ಬೈಗುಳದ ಜಾಗದ @#%! ಗೊಂಚಲಿಗೆ ಅಮೆರಿಕದ ವ್ಯಂಗ್ಯಚಿತ್ರಕಾರ ಮಾರ್ಟ್ ವಾಕರ್ ‘ಗ್ರಾಲಿಕ್ಸ್’ ಎಂದು ಹೆಸರಿಟ್ಟರು. ಅದು ಕನ್ನಡದಲ್ಲೂ ಹಾಗೇ ನಡೆಯುತ್ತದೆ. ಧಡ್, ಧೊಪ್, ಚಟಾರ್ ಮುಂತಾದ ಸದ್ದುಗಳು ಚಿತ್ರದ ಭಾಗ, ಅವಕ್ಕೆ ಚಿಹ್ನೆ ಬೇಡ. ದೊಡ್ಡದಾಗಿ ಬರೆದದ್ದೇ ಕೂಗು.

ಹಂತ 7: ಮಾತನ್ನು ಬಲೂನುಗಳಿಗೆ ಹಂಚುವುದು

ಒಬ್ಬನೇ ಆಡಿದ ಮಾತು ಎರಡು ಬಲೂನಿಗೆ ಒಡೆದು, ನಡುವೆ ಸಣ್ಣ ಕತ್ತಿನಂಥ ಜೋಡಣೆ ಇದ್ದರೆ ಮೂರು ಚುಕ್ಕೆಯ ಹಂಗಿಲ್ಲ. ಆ ಕತ್ತೇ ವಿರಾಮ. ವಾಕ್ಯ ಮುಂದಿನ ಚೌಕಟ್ಟಿಗೆ ದಾಟಿದರೆ ಮಾತ್ರ ಇಲ್ಲಿ ಕೊನೆಗೆ ‘...’, ಅಲ್ಲಿ ಮೊದಲಿಗೆ ‘...’. ಗೆರೆಯಿಂದ ನಿಂತದ್ದು ಗೆರೆಯಿಂದಲೇ ಶುರುವಾಗಲಿ. ನಡುವೆ ಇನ್ನೊಬ್ಬ ಬಾಯಿ ಹಾಕಿದರೆ ಅವನ ಬಲೂನು ಕೆಳಗೆ ಬಲಕ್ಕೆ ಇರಬೇಕು, ಇಲ್ಲದಿದ್ದರೆ ಏಟು ಬೀಳುವ ಮೊದಲೇ ‘ಅಯ್ಯೋ’ ಓದಿಸಿದ ಹಾಗಾಗುತ್ತದೆ.

ಒಂದು ಉದಾಹರಣೆಯನ್ನು ತಿದ್ದಿ ನೋಡೋಣ. ರಾತ್ರಿ, ಒಂಟಿ ಮನೆ, ಮೊಮ್ಮಗ ಮತ್ತು ಅಜ್ಜಿ. ಸ್ಕ್ರಿಪ್ಟಿನಲ್ಲಿ ಹೀಗಿದೆ:

ಪುಟ್ಟ: ಅಜ್ಜಿ ಯಾರೋ ಬಾಗಿಲು ತಟ್ಟುತ್ತಿದ್ದಾರೆ, ನನಗೆ ಭಯವಾಗುತ್ತಿದೆ!!!
ಅಜ್ಜಿ: ಹೆದರಬೇಡ ಅದು ನಿನ್ನ ಅಪ್ಪನೇ ಇರಬೇಕು ಆದರೆ ಅವನು ನಾಳೆ ಬರುತ್ತೇನೆ ಎಂದಿದ್ದನಲ್ಲಾ????

ತಿದ್ದಿದ ಮೇಲೆ:

ಪುಟ್ಟ: ಅಜ್ಜೀ, ಯಾರೋ ಬಾಗ್ಲು ತಟ್ತಿದಾರೆ...
ಅಜ್ಜಿ, ಮೊದಲ ಬಲೂನು: ಹೆದರ್ಬೇಡ ಮಗ, ನಿಮ್ಮಪ್ಪನೇ ಇರ್ಬೇಕು.
ಅಜ್ಜಿ, ಜೋಡಿಸಿದ ಎರಡನೇ ಬಲೂನು: ಆದ್ರೆ... ‘ನಾಳೆ ಬರ್ತೀನಿ’ ಅಂದಿದ್ನಲ್ಲ?

‘ಭಯವಾಗುತ್ತಿದೆ’ ಹೋಯಿತು, ಅದನ್ನು ಹುಡುಗನ ಮುಖ ಮತ್ತು ಮೂರು ಚುಕ್ಕೆ ಹೇಳುತ್ತವೆ. ‘ಅಜ್ಜೀ’ ಎಂಬ ದೀರ್ಘ ಅವನ ‘!!!’ ಕೆಲಸವನ್ನು ವಹಿಸಿಕೊಂಡಿತು. ಅಜ್ಜಿಯ ಧೈರ್ಯ ಪೂರ್ಣವಿರಾಮದಲ್ಲಿ ಮುಗಿದು, ಅನುಮಾನ ಬೇರೆ ಬಲೂನಿಗೆ ಇಳಿಯಿತು. ಅಜ್ಜಿಯ ಮಾತು 33 ಅಕ್ಷರದಿಂದ 24ಕ್ಕೆ ಬಂತು. ಒಂದು ಎಚ್ಚರಿಕೆ: ಆಡುಮಾತು ಅಡ್ಡಕ್ಕೆ ಜಾಗ ಉಳಿಸುತ್ತದೆ, ಉದ್ದಕ್ಕೆ ಕೇಳುತ್ತದೆ. ‘ಇರಬೇಕು’ ಎಂಬಲ್ಲಿ ಒತ್ತಿರಲಿಲ್ಲ. ‘ಇರ್ಬೇಕು’, ‘ಅಂದಿದ್ನಲ್ಲ’ ಬಂದ ಮೇಲೆ ಅರ್ಕಾವತ್ತು, ಒತ್ತುಗಳೆಲ್ಲ ಜಾಗಕ್ಕೆ ಕೈಚಾಚುತ್ತವೆ.

ಹಂತ 8: ಗಣಕದಲ್ಲಿ ಕೂರಿಸುವುದು

ಮೊದಲು ಯುನಿಕೋಡ್. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಇಂಗ್ಲಿಷ್ ಸಂಕೇತಗಳ ಜಾಗದಲ್ಲಿ ಕನ್ನಡ ಅಕ್ಷರದ ತುಂಡುಗಳು ಕೂತಿರುತ್ತವೆ. ಅಂಥ ಕಡತವನ್ನು ಬೇರೆ ಅಕ್ಷರಶೈಲಿಗೆ ಬದಲಿಸಿದಾಗ ಮೊದಲು ಕೆಡುವುದು ಉದ್ಧರಣ ಮತ್ತು ಗೆರೆಯಂಥ ಚಿಹ್ನೆಗಳೇ. ಪರಿವರ್ತಿಸಿದ ಮೇಲೆ ಪ್ರತಿ ಚಿಹ್ನೆಯನ್ನೂ ಮತ್ತೆ ನೋಡಬೇಕು.

ಒತ್ತಕ್ಷರಗಳು ಬಿಡಿಬಿಡಿಯಾಗಿ ಬಂದರೆ ಅಕ್ಷರಶೈಲಿಯನ್ನು ಬೈಯಬೇಡಿ. ಪುಟ ಜೋಡಿಸುವ ತಂತ್ರಾಂಶವಾದ ಇನ್‌ಡಿಸೈನ್‌ನಲ್ಲಿ ‘ವರ್ಲ್ಡ್ ರೆಡಿ ಕಂಪೋಸರ್’, ಚಿತ್ರ ಬರೆಯುವ ಇಲ್ಲಸ್ಟ್ರೇಟರ್‌ನಲ್ಲಿ ‘ಇಂಡಿಕ್’ ಆಯ್ಕೆಗಳನ್ನು ಚಾಲೂ ಮಾಡಬೇಕು. ಉಚಿತವಾದ ಇಂಕ್‌ಸ್ಕೇಪ್‌ನಲ್ಲಿ ಇದರ ತೊಂದರೆ ಇಲ್ಲ. ಅಕ್ಷರಶೈಲಿ ಆರಿಸುವಾಗ ನಿಜವಾದ ದಪ್ಪ ರೂಪಗಳಿರುವುದನ್ನು ಆರಿಸಿ. ಬಾಲೂ ತಮ್ಮ 2, ಅನೇಕ್ ಕನ್ನಡ ಎರಡೂ ಉಚಿತ, ಎರಡರಲ್ಲೂ ಹಲವು ದಪ್ಪಗಳಿವೆ. ಅನೇಕ್‌ನಲ್ಲಿ ಅಗಲವನ್ನೂ ಕಿರಿದಾಗಿಸಬಹುದು, ಉದ್ದ ಪದಗಳಿಗೆ ಅದು ವರ.

ಸಾಲಿನ ಅಂತರವನ್ನು ಅಕ್ಷರದ ಗಾತ್ರದ 130ರಿಂದ 150 ಶೇಕಡಾದಿಂದ ಶುರು ಮಾಡಿ. ‘ಸ್ತ್ರೀ’ ಎಂದು ಮೇಲಿನ ಸಾಲಿನಲ್ಲೂ ‘ಕೀರ್ತಿ’ ಎಂದು ಅದರ ಕೆಳಗೂ ಬರೆದು ನೋಡಿ, ಮುಟ್ಟದಿದ್ದರೆ ಸಾಕು. ಅಚ್ಚಿನಲ್ಲಿ 9 ಪಾಯಿಂಟ್‌ಗಿಂತ ಕೆಳಗಿಳಿದರೆ ಒತ್ತುಗಳ ಹೊಟ್ಟೆ ಮುಚ್ಚಿಕೊಳ್ಳುತ್ತದೆ.

ಚಿಹ್ನೆಯ ಡಿಕ್ಕಿಗಳನ್ನು ಒಂದೊಂದಾಗಿ ಕೈಯಿಂದಲೇ ಬಿಡಿಸಬೇಕು. ‘ಲಕ್ಷ್ಮಿ,’ ಎಂಬಲ್ಲಿ ಮಕಾರದ ಒತ್ತು ಬಲಕ್ಕೆ ಚಾಚಿರುತ್ತದೆ, ಅಲ್ಪವಿರಾಮದ ಬಾಲ ಅದೇ ಜಾಗಕ್ಕೆ ಇಳಿಯುತ್ತದೆ. ‘ಮೂರ್ಖ!’ ಎಂಬಲ್ಲಿ ಅರ್ಕಾವತ್ತೂ ಆಶ್ಚರ್ಯಸೂಚಕವೂ ಅಂಟಿ ನಿಲ್ಲುತ್ತವೆ. ಎರಡೂ ಕಡೆ ಕೂದಲೆಳೆಯಷ್ಟು ಅಂತರ ಕೊಡಿ, ಪೂರ್ತಿ ಸ್ಪೇಸ್ ಅಲ್ಲ. ಸ್ಪೇಸ್ ಕೊಟ್ಟರೆ ಚಿಹ್ನೆ ಒಂಟಿಯಾಗಿ ಕೆಳಗಿನ ಸಾಲಿಗೆ ಹಾರಿಬಿಡುತ್ತದೆ.

ಸಾಲಿನ ಕೊನೆಗೆ ಪದ ಒಡೆಯುವ ಸ್ವಯಂಚಾಲಿತ ವ್ಯವಸ್ಥೆಯನ್ನು ನಿಲ್ಲಿಸಿಬಿಡಿ. ಒಡೆಯಲೇಬೇಕಾದರೆ ಸಮಾಸದ ಕೀಲಿನಲ್ಲಿ ಒಡೆಯಿರಿ: ‘ಮಳೆ-ಗಾಲ’. ಇಂಗ್ಲಿಷ್ ಪದಕ್ಕೆ ಪ್ರತ್ಯಯ ಸೇರುವಲ್ಲಿ ‘ಟೀಚರ್'ಗೆ’ ಎಂದು ಉದ್ಧರಣದ ಅರ್ಧ ಚಿಹ್ನೆ ತುರುಕುವವರಿದ್ದಾರೆ. ಬಲೂನಿನಲ್ಲಿ ಅದು ಯಾರದೋ ಮಾತು ಶುರುವಾದಂತೆ ಕಾಣುತ್ತದೆ. ‘ಟೀಚರ್‌ಗೆ’ ಎಂದು ಬಿಡಿಸಿ ತೋರಿಸುವ ಶೂನ್ಯ ಅಗಲದ ಅಕ್ಷರ (ZWNJ) ನಿಮ್ಮ ಕೀಲಿಮಣೆಯಲ್ಲಿ ಎಲ್ಲಿದೆ ಎಂದು ಒಮ್ಮೆ ಹುಡುಕಿಟ್ಟುಕೊಳ್ಳಿ.

ಹಂತ 9: ಕೊನೆಯ ಸುತ್ತು

ಕಡತದಲ್ಲಿ ಹುಡುಕು ಆಯ್ಕೆಯಿಂದ ನಾಲ್ಕನ್ನು ಹಿಡಿಯಿರಿ: ನಾಲ್ಕು ಚುಕ್ಕೆಗಳು, ಎರಡು ‘!!’, ಚಿಹ್ನೆಯ ಹಿಂದಿನ ಸ್ಪೇಸ್, ಮತ್ತು ವಿಸರ್ಗದ ಜಾಗದಲ್ಲಿ ಬಿದ್ದ ಕೋಲನ್ (ದು:ಖ ಅಲ್ಲ, ದುಃಖ). ಅನುಸ್ವಾರದ ಜಾಗದಲ್ಲಿ ಕನ್ನಡ ಸೊನ್ನೆ ೦ ಕೂತಿರುವುದು ಕಣ್ಣಿಗೆ ಕಾಣುವುದಿಲ್ಲ, ಅದನ್ನೂ ಹುಡುಕಿಯೇ ಹಿಡಿಯಬೇಕು.

ಅಚ್ಚಿಗೆ ಹೋಗುವುದಾದರೆ ಅಕ್ಷರಗಳು ಕಪ್ಪು ಶಾಯಿಯೊಂದರಲ್ಲೇ ಇರಲಿ. ನಾಲ್ಕು ಬಣ್ಣ ಬೆರೆಸಿದ ಕಪ್ಪಿನಲ್ಲಿ ಫಲಕಗಳು ಒಂದು ಎಳೆ ಸರಿದರೂ ಮೊದಲು ಮಸುಕಾಗುವುದು ಪೂರ್ಣವಿರಾಮ, ಅನುಸ್ವಾರ ಮತ್ತು ಒತ್ತು. ಆಮೇಲೆ ಒಂದು ಪುಟವನ್ನು ಅಚ್ಚಿನ ಗಾತ್ರದಲ್ಲೇ ತೆಗೆದು, ಕಥೆ ಗೊತ್ತಿಲ್ಲದ ಒಬ್ಬರ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಿ. ಅವರು ತಪ್ಪು ದನಿಯಲ್ಲಿ ಓದಿದ ಬಲೂನಿಗೆ ಪೆನ್ಸಿಲ್ ಗುರುತು ಹಾಕಿ. ಅದರ ಪದ ಮೊದಲು ತಿದ್ದಿ, ಚಿಹ್ನೆ ಆಮೇಲೆ.